ಸಮುದ್ರದ ಕಡೆಯ ಸೀಟು

ನೀಸ್, ಫ್ರಾನ್ಸ್
೨೦ ಜನವರಿ ೨೦೦೪

ಶ್ರೀಮತಿ ನಾಗರತ್ನಾ ಅವರಿಗೆ,

ಅಲ್ಲ, ನಿನ್ನೆ ಹೋಟೆಲಿನ ಮೆಟ್ಟಿಲ ಮೇಲೆ ನಾನು ನಿಮಗೆ ಹೇಳುತ್ತಿದ್ದುದೂ ಇದೇ. ಬೈಲಹೊಂಗಲದಿಂದ ಇಷ್ಟು ದೂರ ಪ್ರವಾಸ ಬಂದರೂ ನಾವೆಲ್ಲ ಈ ಟೂರ್ ಬಸ್ಸಿನಲ್ಲಿ, ನಮ್ಮೂರ ಕಡೆಯ ದೊಡವಾಡದ ಬಸ್ಸು ಹತ್ತಿದವರಂತೆ ಹೆಂಗಸರು ಮುಂದೆ, ಗಂಡಸರು ಹಿಂದೆ ಕುಳಿತುಬಿಟ್ಟೆವು. ಗಂಡ ಹೆಂಡಿರಿಗೆಲ್ಲ ಜಗಳವೇ ಎಂದು ಗೈಡ್ ಹುಡುಗಿ ಗಾಬರಿಯಿಂದ ಕೇಳಿದಳು. ಹೀಗಾಗಿ ನಾಲ್ಕು ದಿನದಿಂದ ನಾನು ನೀಲಿ ಸಮುದ್ರವನ್ನೂ ಹಣ್ಣು ತುಂಬಿದ ಕಿತ್ತಳೆ ಗಿಡಗಳನ್ನೂ ಬಿಟ್ಟು ನಿಮ್ಮ ತುರುಬನ್ನೇ ನೋಡುತ್ತಿದ್ದೇನೆ. ರಾಚವ್ವಕ್ಕ ಅದನ್ನು ಕಂಡುಹಿಡಿದಳು. "ನಿಜಗುಣಪ್ಪಾ, ಸಮುದ್ರ ಬಲಕ್ಕ ಐತೋ ತಮ್ಮಾ, ಮುಂದಿಲ್ಲ!" ಎಂದಾಗ ಇಡೀ ಬಸ್ಸು ನಕ್ಕಿತು. ನೀವೂ ನಕ್ಕಿರಿ, ಆದರೆ ತಿರುಗಿ ನೋಡಲಿಲ್ಲ.

ಕಾಲೇಜಿನ ಇಂಗ್ಲಿಷಿನಲ್ಲಿ ಬರೆಯೋಣವೆಂದರೆ 'ಐ ಬೆಗ್ ಟು ಸ್ಟೇಟ್' ಅಷ್ಟೇ ನೆನಪಿದೆ, ಮುಂದಿನದು ಮರೆತಿದೆ. ಕನ್ನಡದಲ್ಲೇ ಹೇಳುತ್ತೇನೆ. ನನ್ನ ಗಿರಿಜಾ ಹೋಗಿ ಒಂಬತ್ತು ವರ್ಷವಾಯಿತು, ನಿಮ್ಮ ಯಜಮಾನರು ಹೋಗಿ ಹನ್ನೊಂದು. ನಾಳೆ ಇಟಲಿಯವರೆಗೂ ದಂಡೆಯ ದಾರಿ. ನನ್ನ ಪಕ್ಕದ ಕಿಟಕಿಯ ಸೀಟಿಗೆ ಟವೆಲ್ ಹಾಕಿಟ್ಟಿರುತ್ತೇನೆ. ನೀವು ಅಲ್ಲಿ ಕುಳಿತರೆ ಸುದ್ದಿ ನಮಗಿಂತ ಮೊದಲೇ ಊರು ಮುಟ್ಟುತ್ತದೆ. ಆದ್ದರಿಂದ, ಊರಿಗೆ ಹೋದ ಮೇಲೂ ನನ್ನ ಜೊತೆಯಲ್ಲೇ ಬಾಳುವ ಮನಸ್ಸಿದ್ದರೆ ಮಾತ್ರ ಬನ್ನಿ. ಶಾಲು ತನ್ನಿ, ಹಿಂದೆ ಗಾಳಿ ಹೆಚ್ಚು.

ಈ ಕಾಗದ ಇನ್ನೂ ನನ್ನ ಕೈಯಲ್ಲೇ ಇದೆ, ಆಗಲೇ ನನ್ನ ಕೋಣೆಯ ಕಿಟಕಿಯ ಕೆಳಗೆ ನಿಮ್ಮ ದನಿ ಕೇಳಿಸುತ್ತಿದೆ. "ನಾಳಿ ನಾ ಹಿಂದ ಕುಂದರತೇನಿ ಯಕ್ಕಾ, ಅಲ್ಲಿಂದ ಸಮುದ್ರ ಚೊಲೋ ಕಾಣತೈತಂತ."

"ಯಾರು ಹೇಳಿದ್ರವಾ?" ಎನ್ನುತ್ತಿದ್ದಾಳೆ ರಾಚವ್ವಕ್ಕ.

ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ. ಮೊದಲು ಹೋಗಿ ಟವೆಲ್ ಹಾಕಿಬರುತ್ತೇನೆ.

ನಿಮ್ಮ
ನಿಜಗುಣಪ್ಪ