ಗುತ್ತೂರು ರಸ್ತೆಯ ಕಲ್ಲು ದೇವರಲ್ಲ

ರಸ್ತೆಬದಿಯ ಜಾಗಗಳನ್ನು ಕಾಯುವ ಮಾನ್ಯ ಅಧಿಕಾರಿಗಳೇ,

ಗುತ್ತೂರು ರಸ್ತೆಯ ಬೇವಿನ ಮರದಡಿ ನಮ್ಮ ಪಲ್ಟನ್ನಿನವರ ನೆನಪಿಗೆ ನಾವು ನಿಲ್ಲಿಸಿದ ಕಲ್ಲು ‘ಅನಧಿಕೃತ ದೇವಸ್ಥಾನ’ವಾಗಿದೆ, ಅದನ್ನು ಕಿತ್ತು ಒಯ್ಯಲಾಗುವುದು ಎಂಬ ನಿಮ್ಮ ನೋಟೀಸು ತಲುಪಿತು. ಸತ್ತ ನಮ್ಮ ಗೆಳೆಯರು ದೇವರಾದರೆಂಬ ಸುದ್ದಿ ನಮಗೆ ನಿಮ್ಮಿಂದಲೇ ತಿಳಿದದ್ದು. ಬದುಕಿದ್ದಾಗ ಅವರನ್ನು ಮನುಷ್ಯರೆಂದು ಎಣಿಸಿದವರೂ ಕಡಿಮೆ.

ನಮ್ಮದು ಪಯೋನಿಯರ್ ಕಂಪನಿ. ಬರ್ಮಾ ಯುದ್ಧದಲ್ಲಿ ಸೈನ್ಯ ಮುಂದೆ ಹೋಗಲೆಂದು ಕಾಡು ಕಡಿದು, ಕೆಸರಿಗೆ ಕಲ್ಲು ಹಾಸಿ ದಾರಿ ಮಾಡಿದವರು ನಾವು. ಗುಂಡಿಗಿಂತ ಚಳಿಜ್ವರಕ್ಕೆ ಸತ್ತವರೇ ನಮ್ಮಲ್ಲಿ ಹೆಚ್ಚು. ಅದಕ್ಕೇ ಕಲ್ಲು ಕೆತ್ತಿದ ನಮ್ಮ ಸಣ್ಣಬೀರಪ್ಪ ಹೆಸರುಗಳ ಮೇಲೆ ಸಲಿಕೆ, ಗುದ್ದಲಿಗಳ ಚಿತ್ರ ಬಿಡಿಸಿದ. ನಿಮ್ಮ ಗುಮಾಸ್ತರು ಅದನ್ನು ನೋಡಿ, “ಬಂದೂಕ ಇಲ್ಲ, ಸಲಿಕೆ ಐತೆ. ಇದೆಂಥಾ ಮಿಲ್ಟ್ರಿ ರೀ?” ಎಂದು ನಕ್ಕರು. ಸ್ವಾಮಿ, ಬಂದೂಕು ತಾನಾಗಿ ಹಾರಿಕೊಂಡು ಹೋಗುತ್ತದೆಯೇ? ಅದಕ್ಕೂ ದಾರಿ ಬೇಡವೇ?

ಇನ್ನು ಕಲ್ಲು ದೇವರಾದ ಕಥೆ. ಗುತ್ತೂರಿನ ಕೊಟ್ರವ್ವನ ಮಗ ಗುಡ್ಡಪ್ಪ ನನ್ನ ಪಕ್ಕದಲ್ಲೇ ಜ್ವರದಿಂದ ಸತ್ತ. ಅಲ್ಲೇ ಮಣ್ಣು ಮಾಡಿ ಬಂದೆವು. ಸರ್ಕಾರದ ತಂತಿ ಬಂದರೂ, ನಾನೇ ಬಂದು ಹೇಳಿದರೂ ಅವಳು ನಂಬಲಿಲ್ಲ. ಹೆಣ ನೋಡದ ತಾಯಿ ಹೇಗೆ ನಂಬಿಯಾಳು? ವರ್ಷವರ್ಷ ಹಿರಿಯರ ಹಬ್ಬದಲ್ಲಿ ತೀರಿಹೋದ ಗಂಡನಿಗೆ ಎಡೆ ಇಟ್ಟಳೇ ಹೊರತು ಮಗನಿಗೆ ಇಡಲಿಲ್ಲ. ಬದುಕಿರುವವನಿಗೆ ಎಡೆ ಇಟ್ಟರೆ ಅವನ ಆಯುಸ್ಸು ಕಳೆಯುತ್ತದೆಂಬ ಹೆದರಿಕೆ. ಮನೆಯ ಬಾಗಿಲಿಗೆ ಅಗುಳಿಯನ್ನೂ ಹಾಕುತ್ತಿರಲಿಲ್ಲ.

ಈ ಸಲ ಹಬ್ಬಕ್ಕೆ ಮುಂಚೆ ಕಲ್ಲು ನಿಂತಿತು. ಓದು ಬಾರದ ಕೊಟ್ರವ್ವ ಮಗನ ಹೆಸರು ಎಲ್ಲಿದೆಯೆಂದು ಕೇಳಿ, ಅದರ ಮೇಲೆ ಬೆರಳಾಡಿಸಿದಳು. ಅಮಾವಾಸ್ಯೆಯ ದಿನ ಹೋಳಿಗೆ ಮಾಡಿ ತಂದು, ಕಲ್ಲಿಗೆ ವಿಭೂತಿ ಹಚ್ಚಿ, ಮಗನಿಗೆ ಎಡೆ ಇಟ್ಟಳು. ಅವನಿಗಾಗಿ ಅವಳು ಅತ್ತದ್ದು ಅಂದೇ ಮೊದಲು. ನಾವೂ ಅತ್ತೆವು. ನಮ್ಮೊಡನೆ ಹೋಗಿ ಹಿಂದಿರುಗದ ಬುಡೇನ್‌ಸಾಬನ ಹೆಂಡತಿ ಶಹಜಾದಿ ಅವಳನ್ನು ಸಮಾಧಾನ ಮಾಡಿ, ತಾನೂ ತಲೆಯ ಮೇಲೆ ಸೆರಗೆಳೆದುಕೊಂಡು ದುವಾ ಮಾಡಿದಳು. ನಿಮ್ಮ ಗುಮಾಸ್ತರು ಆಗಲೇ ಬಂದರು. ಕೊಟ್ಟ ಹೋಳಿಗೆಯನ್ನು ಬೇಡವೆನ್ನದೆ ತಿಂದು, ಕೈ ತೊಳೆದುಕೊಂಡು ಹೋಗಿ ವರದಿ ಬರೆದರು. ವಿಭೂತಿಯೂ ದುವಾವೂ ಸಲ್ಲುವ ಈ ದೇವಸ್ಥಾನ ಯಾವ ದೇವರದೆಂದು ಅದರಲ್ಲಿ ಬರೆದಿದ್ದಾರೆಯೇ?

ನೋಟೀಸಿನ ವಿಷಯ ಹೇಳಲು ಹೋದಾಗ ಕೊಟ್ರವ್ವ ನನ್ನೊಡನೆ ಕಲ್ಲಿನ ಬಳಿಗೆ ಬಂದು, ಸೆರಗಿನಿಂದ ವಿಭೂತಿ ಒರೆಸಿದಳು. “ಪೂಜಿ ಬ್ಯಾಡಂದ್ರೆ ಬಿಡ್ತೀನಪ್ಪ,” ಎಂದಳು. “ಕಲ್ಲೇ ಒಯ್ದ್ರೆ, ನನ್ನ ಮಗ ಸತ್ತಿಲ್ಲ ಅಂತ ಸರ್ಕಾರದೋರೇ ಹೇಳ್ದಂಗಾತು. ಮತ್ತೆ ಬಾಗ್ಲು ತೆಗ್ದಿಟ್ಕಂಡು ಕುಂದರ್ತೀನಿ.”

ಅದಕ್ಕೇ ಈ ಅರ್ಜಿ ಬರೆಯುತ್ತಿದ್ದೇನೆ.

ನೋಟೀಸನ್ನು ಹಿಂದಕ್ಕೆ ತೆಗೆದುಕೊಳ್ಳಿ. ರಸ್ತೆಗೆ ಜಾಗ ಬೇಕೇಬೇಕೆಂದರೆ ನಾಲ್ಕು ಮಾರು ಹಿಂದೆ ನಾವೇ ನೆಡುತ್ತೇವೆ. ಅಗೆಯುವುದು ನಮಗೆ ಹೊಸದಲ್ಲ. ಅದೂ ಆಗದೆಂದರೆ, ಗಾಡಿ ಕಳಿಸುವ ಮುನ್ನ ಕೊಟ್ರವ್ವನಿಗೂ ಒಂದು ನೋಟೀಸು ಕೊಡಿ. ಗುಡ್ಡಪ್ಪ ಯಾವತ್ತು ಮನೆಗೆ ಬರುತ್ತಾನೆಂದು ಅದರಲ್ಲಿ ಬರೆಯಿರಿ.

ಇಂತಿ,
ಸೈನ್ಯಕ್ಕೆ ದಾರಿ ಮಾಡಿಕೊಟ್ಟು, ಈಗ ನಿಮ್ಮ ದಾರಿಗೆ ಅಡ್ಡವಾಗಿರುವ
ಮಾಜಿ ಸಿಪಾಯಿ ಉಜ್ಜನಪ್ಪ
ಹರಿಹರ, 1958