ಅವ್ವನ ಮಗ್ಗುಲಿಗಿಟ್ಟ ದಿಂಬು

ಏಪ್ರಿಲ್ 18, ಶುಕ್ರವಾರ

ಕಾಫಿ ಮುಗಿಸಿ ಮತ್ತೆ ವ್ಯಾನಿನೊಳಗೆ. ಫ್ರಿಜ್ ಇವತ್ತೂ ತಣ್ಣಗಾಗಿಲ್ಲ. ನಿನ್ನೆ ಇಟ್ಟ ನೀರಿನ ಬಾಟಲಿ ಹಾಗೇ ಬೆಚ್ಚಗಿದೆ. ಹಾಸಿಗೆ, ಫ್ರಿಜ್ ಎಲ್ಲ ಇರುವ ಈ ಹಳೇ ವ್ಯಾನ್ ಮಾರಿದವನು ಬಿಡದಿಯ ಶೆಡ್ಡಿನಲ್ಲಿ ಐಸ್ ಮಾಡಿ ತೋರಿಸಿದ್ದ. ನಮ್ಮ ಮನೆ ಮುಂದೆ ಬಂದು ನಿಂತಿದ್ದೇ ತಡ, ಮುಷ್ಕರ.

ವಿಚಿತ್ರ ಫ್ರಿಜ್ ಇದು. ಮೋಟರ್ ಇಲ್ಲ, ಕಂಪ್ರೆಸರ್ ಇಲ್ಲ, ಸದ್ದೂ ಇಲ್ಲ. ಹಿಂದೆ ಸಣ್ಣ ಗ್ಯಾಸ್ ಉರಿ, ಇಲ್ಲವೇ ಕರೆಂಟಿನ ಹೀಟರ್. ಆ ಬಿಸಿಗೆ ಪೈಪಿನೊಳಗಿನ ಅಮೋನಿಯಾ ಮೇಲಕ್ಕೆ ಹೋಗಿ, ತಣಿದು, ಕೆಳಗಿಳಿದು ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದಂತೆ. ಬೆಂಕಿ ಹಚ್ಚಿದರೆ ಐಸ್! ರಾಜಾಜಿನಗರದಲ್ಲಿ ಮೋಟರ್ ರಿವೈಂಡಿಂಗ್ ಮಾಡುತ್ತಲೇ ತಲೆ ನರೆತವನು ನಾನು. ಇದರ ಕೈಲಿ ಸೋಲ್ತೀನಾ?

ಫ್ರಿಜ್ ಬೇಕಿರುವುದು ಅವ್ವನ ಇನ್ಸುಲಿನ್‌ಗೆ. ವ್ಯಾನ್ ಬೇಕಿರುವುದು ಅವ್ವನ ಸೊಂಟಕ್ಕೆ — ಅರ್ಧ ಗಂಟೆ ಕೂರಲಾರಳು, ಮಲಗಿಯೇ ಹೋಗಬೇಕು. ಎಲ್ಲಿಗೆ? ಆಲಮಟ್ಟಿ ಹಿನ್ನೀರಿಗೆ. ಅವಳ ತವರು ಮುಳುಗಿದ್ದು ಅಲ್ಲಿ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೇ ಗೋಡೆಗಳು ಮೇಲೇಳುತ್ತವೆ. ಮಳೆ ಶುರುವಾದರೆ ಮತ್ತೆ ನೀರೊಳಗೆ. ಸಕ್ಕರೆ ಕಾಯಿಲೆಗೆ ಅವ್ವನ ಬಲಗಣ್ಣು ಹೋಗಿ ಆಯಿತು, ಎಡಗಣ್ಣೂ ಮಂಜು. ಕಾಣುವಾಗಲೇ ಒಮ್ಮೆ ಹುಟ್ಟಿದ ಮನೆಯ ಕಟ್ಟೆ ನೋಡಬೇಕು ಅಂತ ಆಸೆ.


ಏಪ್ರಿಲ್ 20, ಭಾನುವಾರ

ಸಿಲಿಂಡರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಆಮೇಲೇ ಕೈ ಹಾಕಿದೆ. ಗ್ಯಾಸ್ ಜೊತೆ ಹುಡುಗಾಟ ಇಲ್ಲ. ಹಿಂದಿನ ಜಾಲರಿಯೊಳಗೆ ಕಣಜದ ಗೂಡು! ತೆಗೆದೆ. ಹೊಗೆಕೊಳವೆಯ ಮಸಿ ಉಜ್ಜಿದೆ. ಮತ್ತೆ ಗ್ಯಾಸ್ ಬಿಟ್ಟು ಜಾಯಿಂಟಿಗೆಲ್ಲ ಸೋಪಿನ ನೀರು ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಉರಿ ನೀಲಿ, ಚೊಕ್ಕಟ.

ಖುಷಿಯಲ್ಲಿ ಅವ್ವನನ್ನು ಕರೆದು ವ್ಯಾನಿನ ಹಾಸಿಗೆ ಮೇಲೆ ಮಲಗಿಸಿದೆ, ಟ್ರಯಲ್. ಹೊರಳಾಡಿ ನೋಡಿದಳು.

"ಗಾಡಿ ವಾರಿ ಐತೇನೋ ಚನ್ನು? ಗ್ವಾಡಿ ಕಡೀಗೆ ಉಳ್ಳಾಕತ್ತೀನಿ ನೋಡು."

"ಅದೇನಿಲ್ಲ ಸುಮ್ನಿರವ್ವಾ, ಫೋಮ್ ಹೊಸದು." ಅವಳ ಮಗ್ಗುಲಿಗೆ ಒಂದು ದಿಂಬು ತುರುಕಿದೆ. "ಈಗ?"

"ಈಗ ಅಡ್ಡಿಯಿಲ್ಲ."

ಸಂಜೆ — ಬಾಟಲಿ ಹಾಗೇ ಬೆಚ್ಚಗೆ. ಥತ್.


ಏಪ್ರಿಲ್ 29

ಗ್ಯಾಸ್ ಬಿಟ್ಟು ಕರೆಂಟಿಗೆ ಹಾಕಿದೆ. ಹೀಟರ್ ಸರಿ ಇದೆ, ಹಿಂದಿನ ಪೈಪು ಕೈ ಇಡಲಾಗದಷ್ಟು ಬಿಸಿ. ಒಳಗೆ ಮಾತ್ರ ತಂಪಿಲ್ಲ. ಅಮೋನಿಯಾ ವಾಸನೆಯಿಲ್ಲ, ಹಳದಿ ಕಲೆಯಿಲ್ಲ, ಅಂದರೆ ಸೋರಿಲ್ಲ. ಸೀಲ್ ಮಾಡಿದ ಪೈಪು ಬಿಚ್ಚಬಾರದು — ಒಳಗೆ ಪ್ರೆಷರ್, ಕಣ್ಣಿಗೆ ಬಡಿದರೆ ಮುಗಿಯಿತು. ಬಿಚ್ಚಲಿಲ್ಲ. ಥರ್ಮೋಸ್ಟಾಟ್ ಮೇಲೆ ಗುಮಾನಿ. ಆರ್ಡರ್ ಹಾಕಿದೆ. ಹೊರದೇಶದಿಂದ ಬರಬೇಕು.

ಎದುರು ಮನೆ ವೆಂಕಟಗಿರಿ ಬಂದು ಇಣುಕಿದ. "ಸಾರ್, ಇನ್ನೂ ಸ್ವಲ್ಪ ಒಳಗೆ ಹಾಕ್ಕೊಳ್ಳೋಕಾಗುತ್ತಾ? ನಮ್ ಕಾರ್ ತಿರುಗಲ್ಲ." ಮೊದಲ ದಿನವೇ ಇವನ ಕಾಟಕ್ಕೆ ಎಡಗಡೆ ಎರಡು ಚಕ್ರ ನಮ್ಮ ಗೇಟಿನ ರ‍್ಯಾಂಪ್ ಮೇಲೆ ಹತ್ತಿಸಿ ನಿಲ್ಲಿಸಿದ್ದೇನೆ. ಇನ್ನೇನು ದೇವರಕೋಣೆಗೆ ತಗೊಂಡು ಹೋಗಲಾ? ಅಂದೇ ಬಿಟ್ಟೆ. ಮುಖ ಊದಿಸಿಕೊಂಡು ಹೋದ.


ಮೇ 11, ಭಾನುವಾರ

ಅವ್ವನ ಚಿಕ್ಕಪ್ಪನ ಮಗ ಗೂಳಪ್ಪ ಬಾಗಲಕೋಟೆಯಿಂದ ಫೋನ್ ಮಾಡಿದ್ದ. ನೀರು ಪೂರ್ತಿ ಇಳಿದಿದೆಯಂತೆ. "ಅಕ್ಕಾ, ನಿಮ್ಮನಿ ಕಟ್ಟಿ ಕಾಣಾಕತ್ತೈತಿ. ಒಳ್ಳು ಸುದ್ದಾ ಹಂಗ ಐತಿ. ಲಗೂನ ಬಾ." ಅವ್ವ ಸ್ಪೀಕರ್‌ನಲ್ಲಿ ಎರಡು ಸಲ ಹೇಳಿಸಿದಳು. ಊಟ ಮಾಡುವಾಗಲೂ ಆ ಒಳಕಲ್ಲಿನದೇ ಮಾತು, ಅದರಲ್ಲಿ ತಾನು ಖಾರ ರುಬ್ಬಿದ್ದು, ಕಣ್ಣುರಿ ಬಂದು ಅತ್ತಿದ್ದು.

ಕುಸುಮಾ ಅಡುಗೆಮನೆಯಿಂದಲೇ: "ರೀ, ಐಸ್ ಬಾಕ್ಸಲ್ಲಿ ಇನ್ಸುಲಿನ್ ಇಟ್ಕೊಂಡು ಹೊರಡೋಣ. ದಾರೀಲಿ ಐಸ್ ಸಿಗಲ್ವಾ?"

"ಫ್ರಿಜ್ ಇರೋ ಗಾಡೀಲಿ ಐಸ್ ಬಾಕ್ಸಾ? ಪಾರ್ಟ್ ಬರ್ಲಿ. ಒಂದು ವಾರ."

"ನಿಮ್ಗೆ ಅತ್ತೆ ಊರು ನೋಡೋದು ಮುಖ್ಯಾನೋ, ಫ್ರಿಜ್ ಗೆಲ್ಲೋದು ಮುಖ್ಯಾನೋ?"

ಟಿವಿ ಸೌಂಡ್ ಜಾಸ್ತಿ ಮಾಡಿದೆ.


ಮೇ 24

ಪಾರ್ಟ್ ಬಂತು, ಹಾಕಿದೆ. ಇಲ್ಲ. ತಂಪಿಲ್ಲ. ಒದೆಯಬೇಕು ಅನ್ನಿಸಿತು, ಒದ್ದೆ. ಕಾಲು ಬೆರಳು ಊದಿದೆ. ಅವ್ವ ಬಟ್ಟೆ ಗಂಟು ಕಟ್ಟಿ ಮಂಚದ ಕೆಳಗೆ ಇಟ್ಟುಕೊಂಡಿದ್ದಾಳೆ. ಯಾವಾಗ ಹೊರಡೋದು ಅಂತ ಮಾತ್ರ ಕೇಳುವುದಿಲ್ಲ. ಕೇಳಿದ್ದರೆ ರೇಗಿಯಾದರೂ ರೇಗುತ್ತಿದ್ದೆ.


ಜೂನ್ 15, ಭಾನುವಾರ

ಗೂಳಪ್ಪನ ಫೋನ್. ನದಿಯ ಮೇಲ್ಭಾಗದಲ್ಲಿ ಮಳೆ ಜೋರಂತೆ, ನೀರು ಏರುತ್ತಿದೆ. ಕಟ್ಟೆ ಮುಚ್ಚಿತು.

ಅವ್ವನಿಗೆ ಹೇಳಿದೆ. "ಮುಂದಿನ ಬೇಸಿಗೆಗೆ ಗ್ಯಾರಂಟಿ ಹೋಗೋಣ ಅವ್ವಾ."

"ಹೂಂ. ನೀರೇನು, ಮತ್ತ ಇಳೀತೈತಿ ಬಿಡು." ಗಂಟು ಬಿಚ್ಚಿ ಸೀರೆ ಒಂದೊಂದೇ ಬೀರುವಿಗಿಟ್ಟಳು. ನನಗೆ ಸಹಾಯ ಮಾಡಲೂ ಬಿಡಲಿಲ್ಲ.


ಜುಲೈ 3

ಆಸ್ಪತ್ರೆ. ಎಡಗಣ್ಣಿನೊಳಗೂ ರಕ್ತ ಸೋರಿದೆ. ಬೆಳಿಗ್ಗೆ ಎದ್ದು "ಕುಸುಮಾ, ಲೈಟ್ ಹಚ್ಚವಾ" ಅಂದಳಂತೆ. ಲೈಟ್ ಉರಿಯುತ್ತಿತ್ತು.


ಜುಲೈ 12

ಆಪರೇಷನ್ ಮಾಡಿದರೂ ದೃಷ್ಟಿ ಬರಲಿಲ್ಲ. ಬೆಳಕು ಕತ್ತಲೆ ಗೊತ್ತಾಗುತ್ತದೆ, ಅಷ್ಟೇ. ಡಾಕ್ಟರು ನೇರವಾಗಿಯೇ ಹೇಳಿದರು.

ಆ ಹಾಳು ಐಸ್ ಬಾಕ್ಸ್ ಹಿಡಿದು ಮೇ ತಿಂಗಳಲ್ಲೇ ಹೊರಟಿದ್ದರೆ!


ಜುಲೈ 27, ಭಾನುವಾರ

ಗೇಟಿನ ಮುಂದಿನ ಚರಂಡಿ ಚೇಂಬರ್ ಕಟ್ಟಿಕೊಂಡಿದೆ, ಗಾಡಿ ತೆಗೆಯಿರಿ ಅಂದರು ಪಾಲಿಕೆಯವರು. ವೆಂಕಟಗಿರಿ ಮಗಳ ಮನೆಗೆ ಹೋಗಿದ್ದಾನೆ, ರಸ್ತೆ ಖಾಲಿ. ರ‍್ಯಾಂಪಿನಿಂದ ಇಳಿಸಿ ನಡುರಸ್ತೆಯ ಸಮತಟ್ಟಿನಲ್ಲಿ ನಿಲ್ಲಿಸಿದೆ. ಯಾಕೋ ಮನೆಯಿಂದ ವೈರ್ ಎಳೆದು ಫ್ರಿಜ್‌ನ ಪ್ಲಗ್ ಹಾಕಿದೆ. ಸುಮ್ಮನೆ, ಅಭ್ಯಾಸಬಲ.


ಜುಲೈ 28, ಬೆಳಿಗ್ಗೆ

ಐಸ್.

ಬಾಟಲಿ ಗಟ್ಟಿಯಾಗಿದೆ. ಫ್ರಿಜ್‌ಗೆ ಏನೂ ಆಗಿರಲೇ ಇಲ್ಲ. ಒಳಗೆ ತಳ್ಳುವ ಪಂಪಿಲ್ಲ, ದ್ರವ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಗಾಡಿ ವಾಲಿದರೆ ಎಲ್ಲಿ ಇಳಿಯುತ್ತದೆ? ರ‍್ಯಾಂಪ್ ಮೇಲೆ ವಾಲಿಸಿ ನಿಲ್ಲಿಸಿದವನು ನಾನೇ. ಸೋಪಿನ ನೀರು ಹಚ್ಚಿದೆ, ಮಸಿ ಉಜ್ಜಿದೆ, ಪಾರ್ಟ್ ತರಿಸಿದೆ... ಒಂದು ಲೋಟ ನೀರು ಇಟ್ಟು ಮಟ್ಟ ನೋಡಲಿಲ್ಲ. ಅವ್ವ ಹೇಳಿದಾಗ ದಿಂಬು ಇಟ್ಟೆ.


ಅದೇ ದಿನ, ಸಂಜೆ

ಅವ್ವನಿಗೆ ವ್ಯಾನಿನಲ್ಲಿ ಸ್ವಲ್ಪ ಹೊತ್ತು ಮಲಗುವ ಮನಸ್ಸಾಯಿತಂತೆ. ಕೈ ಹಿಡಿದು ಹತ್ತಿಸಿದೆ. ಅಂಗೈಗೆ ಐಸ್ ತುಂಡು ಇಟ್ಟೆ. "ಫ್ರಿಜ್ ಸರಿಹೋಯ್ತವ್ವಾ."

"ಹೌದೇನೋ! ಏನಾಗಿತ್ತಂತ?"

"ಪಾರ್ಟ್ ಹೋಗಿತ್ತು." ಬಾಯಿಗೆ ಬಂದಿದ್ದು ಅದು. ಸುಳ್ಳು.

ಮಲಗಿದಳು. ಆ ಕಡೆ, ಈ ಕಡೆ ಹೊರಳಿದಳು. ಆಮೇಲೆ ಮಗ್ಗುಲಿನ ದಿಂಬನ್ನು ತಡವಿ, ಎಳೆದು, ನನ್ನತ್ತ ಚಾಚಿದಳು.

"ಇದು ಬ್ಯಾಡ ತಗೋ. ಇವತ್ತ ಗ್ವಾಡಿ ಕಡೀಗೆ ಉಳ್ಳವಲ್ಲೆ ನಾ."

ದಿಂಬು ಹಿಡಿದು ನಿಂತೇ ಇದ್ದೆ. ಅವ್ವನ ಮುಖ ನನ್ನ ಕಡೆಗೇ ಇತ್ತು. ಗೊತ್ತಾಯಿತಾ ಅವಳಿಗೆ? ಕೈಯಲ್ಲಿನ ಐಸ್ ಕರಗಿ ಸೆರಗು ಒದ್ದೆಯಾಗುತ್ತಿತ್ತು.

ಅವಳ ಬಾಯಿಂದ ಬರುವ ಮೊದಲು ನಾನೇ ಹೇಳಬೇಕು. ನಾಳೆ, ಕಾಫಿ ಹೊತ್ತಿಗೆ. ಹೀಗೆ ಶುರು ಮಾಡಬೇಕು: ಅವ್ವಾ, ಅವತ್ತು ನೀನು ಗಾಡಿ ವಾರೆ ಇದೆ ಅಂದೆಯಲ್ಲಾ, ನಾನು...