ಸಕ್ರಪ್ಪನ ಹಗೇವು ಮತ್ತು ತಮ್ಮ ವರದಿ

ಮಾನ್ಯ ಧಾನ್ಯ ವಸೂಲಿ ಸಾಹೇಬರೇ,

ಕಪ್ಪತಗುಡ್ಡದ ಮೇಲಿನ ನಮ್ಮೂರಿನ ರೈತ ಸಕ್ರಪ್ಪ ಸರಕಾರಕ್ಕೆ ಕೊಡಬೇಕಾದ ಜೋಳವನ್ನು ಬಚ್ಚಿಟ್ಟಿದ್ದನೆಂದೂ, ತನ್ನದೇ ಅಜಾಗರೂಕತೆಯಿಂದ ಹಗೇವಿನೊಳಗೆ ಸತ್ತನೆಂದೂ ತಾವು ವರದಿ ಬರೆದು ಮುಗಿಸಿದ್ದೀರಿ. ಎರಡೂ ಸುಳ್ಳು. ಇದನ್ನು ತಮ್ಮ ಮುಖ ನೋಡಿಯೇ ಹೇಳಬೇಕೆಂದು ಗುಡ್ಡ ಇಳಿದು ತಮ್ಮ ಕಚೇರಿಗೆ ಬಂದೆ. ಒಮ್ಮೆ ತಾವು ಊರೂರು ಫಿರತಿಯ ಮೇಲಿದ್ದಿರಿ. ಇನ್ನೊಮ್ಮೆ ಊಟಕ್ಕೆ ಹೋಗಿದ್ದಿರಿ, ಆ ಊಟ ಸಂಜೆಯವರೆಗೂ ಮುಗಿಯಲಿಲ್ಲ. ಆದ್ದರಿಂದ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಮ್ಮನ್ನಷ್ಟೇ ದೂರಿ ಬಚಾವಾಗುವ ಆಸೆ ನನಗಿಲ್ಲ. ತಮ್ಮ ವರದಿಯಲ್ಲಿ ಬಿಟ್ಟುಹೋದ ಹೆಸರುಗಳಲ್ಲಿ ನನ್ನದೂ ಒಂದು.

ಹಗೇವು ಎಂದರೇನೆಂದು ಪಟ್ಟಣದ ಓದುಗರಿಗೆ ತಿಳಿದಿರಲಿಕ್ಕಿಲ್ಲ. ವರ್ಷದ ಜೋಳವನ್ನು ನಾವು ನೆಲದೊಳಗೆ ಆಳವಾದ ಗುಂಡಿ ತೋಡಿ, ಸುತ್ತಲೂ ಒಣದಂಟಿನ ಕಣಿಕೆ ಹಾಸಿ ತುಂಬುತ್ತೇವೆ. ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮುಚ್ಚುತ್ತೇವೆ. ತಿಂಗಳುಗಟ್ಟಲೆ ಮುಚ್ಚಿದ ಗುಂಡಿಯಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಬಾಯಿ ತೆಗೆದು ಒಂದು ರಾತ್ರಿ ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಅದು ಆರದಿದ್ದರೆ ಮಾತ್ರ ಮನುಷ್ಯರು ಇಳಿಯಬೇಕು. ಇದು ಊರಿಗೆಲ್ಲ ಗೊತ್ತು. ಯಾರ ಹಗೇವು ಎಲ್ಲಿದೆ ಎಂಬುದೂ ಊರಿಗೆಲ್ಲ ಗೊತ್ತು. ಊರಿಗೆಲ್ಲ ಗೊತ್ತಿರುವ ಕಾಳು ‘ಬಚ್ಚಿಟ್ಟ ಧಾನ್ಯ’ವಾಗುವುದಾದರೆ, ತಮ್ಮ ಅಡುಗೆಮನೆಯ ಡಬ್ಬಿಯಲ್ಲಿರುವ ಅಕ್ಕಿಗೆ ಏನು ಹೆಸರು?

ಹಾಗಾದರೆ ಲೆವಿಯ, ಅಂದರೆ ಸರಕಾರದ ಪಾಲಿನ ಜೋಳವೇಕೆ ತಾನಾಗಿ ಬರಲಿಲ್ಲ ಎಂದು ತಾವು ಕೇಳಬಹುದು. ಕಾರಣ ನಾನು. ಪರಕೀಯರ ಸರಕಾರ ಯುದ್ಧಕ್ಕೆಂದು ಕಾಳು ಎಳೆಯುತ್ತಿದ್ದಾಗ ಒಂದು ಕಾಳೂ ಕೊಡಬೇಡಿರೆಂದು ಊರಿಗೆ ಹೇಳಿದವ ನಾನೇ. ಅದಕ್ಕಾಗಿ ಹಿಂಡಲಗಿ ಜೈಲಿಗೂ ಹೋಗಿ ಬಂದೆ. ಅಂದಿನಿಂದ ಇಂಥ ವಿಷಯಕ್ಕೆ ಊರು ನನ್ನ ಬಾಯಿ ನೋಡುತ್ತದೆ. ಇದು ತಮಗೆ ತಿಳಿದಿತ್ತು. ಕಳೆದ ಆಷಾಢದಲ್ಲಿ ಗುಡ್ಡ ಹತ್ತಿ ಬಂದವರು ನೇರ ನನ್ನ ಮನೆಗೆ ಬಂದಿರಿ. ‘ತಾವು ದೇಶಕ್ಕಾಗಿ ಜೈಲು ಕಂಡವರು, ತಾವೇ ಜನರಿಗೆ ಹೇಳಬೇಕು’ ಎಂದಿರಿ. ನಾನು ಉಬ್ಬಿದೆ. ಸುಳ್ಳೇಕೆ ಹೇಳಲಿ, ಕುರ್ಚಿಯ ಮೇಲೆ ಕೂಡುವ ಸಾಹೇಬರೊಬ್ಬರು ನನ್ನ ಕಟ್ಟೆಯ ಮೇಲೆ ಕೂತು ‘ತಾವು’ ಎಂದದ್ದೇ ನನಗೆ ಸಾಕಾಗಿತ್ತು.

ಹನುಮಪ್ಪನ ಗುಡಿಯ ಮುಂದೆ ಜನರನ್ನು ಕೂಡಿಸಿದೆ. “ಈಗ ಇರೋದು ನಮ್ಮ ಸರಕಾರ. ಪ್ಯಾಟ್ಯಾಗ ಮಂದಿ ಉಪಾಸ ಐತಿ. ನಾವು ಮುಚ್ಚಿಟಗೊಂಡು ಕುಂತ್ರ ಹ್ಯಾಂಗ?” ಎಂದೆ. ಕಡೆಗೆ ಸಕ್ರಪ್ಪ ಎದ್ದುನಿಂತ. ಅವನು ಮಾತಿನವನಲ್ಲ, ಕಲ್ಲು ಆಯ್ದು ಆಯ್ದು ಗುಡ್ಡದ ಓರೆಯನ್ನು ಹೊಲ ಮಾಡಿದವನು. “ನೀ ಹೇಳಿದಿ ಅಂದ್ರ ಆತು ಬಿಡೋ ಯಣ್ಣಾ. ನನ್ನದ ಮೊದಲ ತೆಗೀರಿ” ಎಂದ. ಸಾಹೇಬರೇ, ಬಚ್ಚಿಟ್ಟವನು ಹೀಗೆ ಮಾತಾಡುತ್ತಾನೆಯೇ?

ಅವನೇ ಮಣ್ಣು ಕೆದರಿದ, ಅವನೇ ಚಪ್ಪಡಿ ಸರಿಸಿದ. ತಾವು ಆಗಲೇ ಕಾಳು ತೆಗೆಯೆಂದಿರಿ.

“ಇವತ್ತ ಬ್ಯಾಡ್ರಿ ಸಾಹೇಬ್ರ. ಬಾಯಿ ಈಗ ತೆಗದೀವಿ. ಮುಂಜಾನಿತನಾ ಗಾಳಿ ಆಡ್ಲಿ, ನಾನ ಇಳೀತೀನಿ” ಎಂದ ಸಕ್ರಪ್ಪ.

‘ಮುಂಜಾನೆಯಷ್ಟರಲ್ಲಿ ಜೋಳಕ್ಕೆ ಕಾಲು ಬಂದಿರುತ್ತವೆ’ ಎಂದು ತಾವು ನಕ್ಕಿರಿ. ತಮ್ಮ ಜೊತೆಗಿದ್ದ ಸಿಪಾಯಿಗಳೂ ನಕ್ಕರು. ಅವನ ಹೆಂಡತಿ ಮಾಳವ್ವ ಒಳಗಿನಿಂದ ಬುಡ್ಡಿದೀಪ ತಂದು, ಹಗ್ಗಕ್ಕೆ ಕಟ್ಟಿ ಕೆಳಗೆ ಬಿಟ್ಟಳು. ದೀಪ ಆರಿತು. “ನೋಡ್ರಿ ಮತ್ತ” ಎಂದಳು. ‘ಆಷಾಢದ ಗಾಳಿಗೆ ಆರಿದೆ, ಹಳ್ಳ ತುಂಬಿ ಬರುವ ಮೊದಲು ನಾನು ಮುಂಡರಗಿ ಮುಟ್ಟಬೇಕು’ ಎಂದು ತಾವು ನನ್ನ ಕಡೆ ತಿರುಗಿದಿರಿ. ಗುಡ್ಡದ ಮೇಲೆ ಗಾಳಿ ಇದ್ದದ್ದು ಖರೆ. ದೀಪ ಆ ಗಾಳಿಗೆ ಆರಿದ್ದಲ್ಲವೆಂಬುದು ನನಗೆ ಗೊತ್ತಿತ್ತು, ಅದೂ ಖರೆ. ಆದರೂ ತಮ್ಮೆದುರು ನನ್ನ ಊರು ಹಟಮಾರಿಯೆನಿಸಬಾರದೆಂದು ನಾನೇ ಹೇಳಿದೆ: “ಲಗೂನ ಒಂದ ಬುಟ್ಟಿ ತುಂಬಿ ಬಂದುಬಿಡಲೇ ಸಕ್ರಾ. ನಾ ಇಲ್ಲೇ ನಿಂತೀನಿ.”

ಅವನು ನನ್ನ ಮುಖ ನೋಡಿದ. ತಮ್ಮ ಮುಖ ನೋಡಲಿಲ್ಲ. ರುಮಾಲು ಬಿಗಿದುಕೊಂಡು ಇಳಿದ.

ಮೊದಲನೆಯ ಬುಟ್ಟಿ ಮೇಲೆ ಬಂತು. ಎರಡನೆಯದಕ್ಕೆ ಹಗ್ಗ ಬಿಟ್ಟೆವು, ಎಳೆಯೆಂಬ ಸದ್ದು ಬರಲಿಲ್ಲ. ಮಾಳವ್ವ ಹೆಸರು ಹಿಡಿದು ಕೂಗಿದಳು. ಸಕ್ರಪ್ಪನ ತಮ್ಮ ಹೊಳೆಯಪ್ಪ ಒಳಗೆ ಹಾರಲು ಹೋದ, ನಾಲ್ವರು ಅವನನ್ನು ಹಿಡಿದರು. ಕಂಬಳಿ ಬೀಸಿ ಬೀಸಿ ಗಾಳಿ ಆಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿ ಹೊಳೆಯಪ್ಪನನ್ನು ಇಳಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಷ್ಟು ಹೊತ್ತೂ ನಾನು ಅಲ್ಲೇ ನಿಂತಿದ್ದೆ. ನಿಲ್ಲುವುದನ್ನು ಬಿಟ್ಟು ಮತ್ತೇನೂ ಮಾಡಲಿಲ್ಲ. ಹೆಣ ಮೇಲೆ ಬಂದಾಗ ತಾವು ಟೊಪ್ಪಿಗೆ ತೆಗೆದಿರಿ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆಮೇಲೆ ಮೋಡ ನೋಡಿ ಹೊರಟುಬಿಟ್ಟಿರಿ.

ಈಗ ಹೇಳಿ, ಅಜಾಗರೂಕತೆ ಯಾರದು? ನಾಳೆಯವರೆಗೆ ತಡೆಯಿರೆಂದವನದೋ? ದೀಪ ತಂದು ತೋರಿಸಿದವಳದೋ? ಪ್ರಜೆಗಳ ಪ್ರಾಣ ಮತ್ತು ಆಸ್ತಿಯ ರಕ್ಷಣೆಯೇ ಸರಕಾರದ ಮೊದಲ ಧರ್ಮವೆಂದು ನಾನು ಎಷ್ಟೋ ಭಾಷಣ ಮಾಡಿದ್ದೇನೆ. ಸ್ವಾತಂತ್ರ್ಯ ಬಂದು ಎರಡು ವರ್ಷವಾಗುವ ಹೊತ್ತಿಗೆ ಸಕ್ರಪ್ಪನ ಆಸ್ತಿಯನ್ನು ಕೇಳಲು ಬಂದ ನಾವು ಅವನ ಪ್ರಾಣವನ್ನೂ ತೆಗೆದುಕೊಂಡೆವು, ಮೇಲೆ ಕಳ್ಳನೆಂಬ ಹೆಸರನ್ನೂ ಕೊಟ್ಟೆವು. ಪರಕೀಯರು ನಮ್ಮೂರಿನಿಂದ ಜೋಳ ಒಯ್ದದ್ದುಂಟು, ಹೆಣ ಬೀಳಿಸಿರಲಿಲ್ಲ. ಅವರ ಜೊತೆಗೆ ನಾನಿರಲಿಲ್ಲವಲ್ಲ!

ಕರ್ಮಾಂತರವಾದ ಮೇಲೆ ಮಾಳವ್ವ ನಮ್ಮ ಮನೆಗೆ ಬಂದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿದ್ದೆನೋ ಇಲ್ಲವೋ.

“ಹಗೇವಿನ ಬಾಯಿ ಹಂಗ ತೆರೆದ ಬಿದ್ದೈತಿ. ಮಳಿ ನೀರು ಇಳದ್ರ ಇರೋ ಕಾಳೂ ಕೊಳೀತಾವ. ಅಂವ ಸತ್ತ ಜಾಗಾ ಅಂತ ಯಾರೂ ಇಳಿಯವಲ್ರು. ಏನ ಮಾಡ್ಲಿ ಹೇಳು” ಎಂದಳು.

ಮರುದಿನ ದೀಪ ಬಿಟ್ಟು ನೋಡಿ ನಾನೇ ಇಳಿದೆ. ದೀಪ ಸಣ್ಣಗೆ ಉರಿಯುತ್ತಲೇ ಇತ್ತು. ಸಂಜೆಯವರೆಗೆ ಬುಟ್ಟಿ ತುಂಬಿ ತುಂಬಿ ಕೊಟ್ಟೆ. ಮೇಲೆ ಹೊಳೆಯಪ್ಪ ಎಳೆದುಕೊಂಡ.

ಮೇಲೆ ಬಂದಾಗ ಮಾಳವ್ವ ಅಂಗಳದಲ್ಲಿ ಕಾಳು ಅಳೆಯುತ್ತಿದ್ದಳು. ಒಂದು ಪಾಲು ಬೇರೆ ಮಾಡಿ ಚೀಲಕ್ಕೆ ತುಂಬಿ ಬಾಯಿ ಹೊಲಿದಳು.

“ಇದು ಯಾರಿಗೆ?” ಎಂದೆ.

“ಸರಕಾರದ್ದು.”

“ಬ್ಯಾಡ ತಂಗಿ. ಇನ್ನ ನೀ ಒಂದ ಕಾಳೂ ಕೊಡಬ್ಯಾಡ.”

“ಹಿಂದ ಕೊಡಬ್ಯಾಡ ಅಂದಿ, ಆಮ್ಯಾಲ ಕೊಡ ಅಂದಿ, ಈಗ ಮತ್ತ ಬ್ಯಾಡ ಅಂತಿ” ಎಂದಳು, ದಬ್ಬಣದಿಂದ ಕಣ್ಣೆತ್ತದೆ. “ನಿನ್ನ ಮಾತು ಸಾಕು ನನಗ. ನನ್ನ ಗಂಡ ಕಳ್ಳ ಅಲ್ಲ. ಕೊಡ್ತೀನಿ ಅಂದಿದ್ದ, ಕೊಡ್ತೀನಿ.”

ಸಾಹೇಬರೇ, ನನ್ನ ಬೇಡಿಕೆ ಇಷ್ಟೇ. ಆ ವರದಿಯನ್ನು ಹರಿದುಹಾಕಿ ಹೊಸದು ಬರೆಯಿರಿ. ಕಾಯಬೇಕೆಂದು ಸಕ್ರಪ್ಪ ಕೇಳಿದ್ದನ್ನೂ, ತಾವು ಒಪ್ಪದ್ದನ್ನೂ, ಇಳಿಯೆಂದವನು ನಾನೆಂಬುದನ್ನೂ ಅದರಲ್ಲಿ ಕಾಣಿಸಿರಿ. ಅದರಿಂದ ನನಗೆ ಶಿಕ್ಷೆಯಾಗುವುದಿದ್ದರೆ ಆಗಲಿ. ಜೈಲು ನನಗೆ ಹೊಸದಲ್ಲ, ಈ ಸಲವಾದರೂ ತಕ್ಕ ಕಾರಣಕ್ಕೆ ಹೋದಂತಾಗುತ್ತದೆ. ಮತ್ತು ಆ ಚೀಲಕ್ಕಾಗಿ ಸಿಪಾಯಿಯನ್ನು ಕಳಿಸಬೇಡಿರಿ, ನಾವು ಬಂಡಿ ಹೂಡಿ ತಂದು ಮುಟ್ಟಿಸುವುದೂ ಇಲ್ಲ. ಅದು ಮಾಳವ್ವನ ಪಡಸಾಲೆಯ ಗೋಡೆಗೆ ಒರಗಿ ನಿಂತಿದೆ. ತಾವೇ ಬರಬೇಕು. ಅವಳೆದುರು ನಿಂತು, ತಮ್ಮ ಕೈಯಿಂದಲೇ ಅದನ್ನು ಎತ್ತಬೇಕು. ಭಾರವಾದರೆ ಇನ್ನೊಂದು ಬದಿ ಹಿಡಿಯಲು ನಾನು ಬರುತ್ತೇನೆ.

ಇಂತಿ,
ಊರಿಗೆ ಬುದ್ಧಿ ಹೇಳುವುದನ್ನು ಬಿಟ್ಟಿರುವ
ಪುಂಡಲೀಕಪ್ಪ
ಕಪ್ಪತಗುಡ್ಡ, ಶ್ರಾವಣ, ೧೯೪೯